ಮೊಳೆ ಹೊಡೆಯದ ಗೋಡೆ

1987ರಲ್ಲಿ ಮದುವೆಯಾಗಿ ಬೆಂಗಳೂರಿಗೆ ಬಂದಾಗ ನಾವು ಮೊದಲು ಬಾಡಿಗೆಗೆ ಹಿಡಿದದ್ದು ಆರ್.ಟಿ. ನಗರದಲ್ಲಿ ಒಂದು ಮಹಡಿಮನೆ. ಅಡ್ವಾನ್ಸ್ ಎಣಿಸಿಕೊಂಡ ಮೇಲೆ ಓನರ್ ಮನೆಯಾಕೆ ಮೂರು ಷರತ್ತು ಹೇಳಿದರು. ರಾತ್ರಿ ಹತ್ತರ ಮೇಲೆ ಗೇಟು ತೆಗೆಯುವುದಿಲ್ಲ. ನೀರು ಬೆಳಿಗ್ಗೆ ಅರ್ಧ ಗಂಟೆ ಮಾತ್ರ. ಮೂರನೆಯದನ್ನು ಹೇಳುವಾಗ ಅವರ ದನಿ ಸ್ವಲ್ಪ ಗಡುಸಾಯಿತು. "ಗೋಡೆಗೆ ಒಂದೇ ಒಂದು ಮೊಳೆ ಹೊಡೆಯಕೂಡದು. ಹೊಡೆದರೆ ಅಡ್ವಾನ್ಸಲ್ಲಿ ಮುರ್ಕೋತೀವಿ."

ನಾನು ಹೊಸ ಮದುವಣಗಿತ್ತಿ. ತಲೆಯಾಡಿಸಿದೆ. ಟ್ರಂಕಿನಲ್ಲಿ ಮದುವೆಯ ಫೋಟೋ ಇತ್ತು, ಯಾರೋ ಉಡುಗೊರೆ ಕೊಟ್ಟ ಗಡಿಯಾರವಿತ್ತು, ಕಟ್ಟು ಹಾಕಿಸಿದ ವೆಂಕಟರಮಣಸ್ವಾಮಿಯ ಪಟವಿತ್ತು. ದೇವರನ್ನು ಅಡುಗೆಮನೆಯ ಶೆಲ್ಫಿನಲ್ಲಿ ಕೂರಿಸಿದೆ. ಗಡಿಯಾರ ಬೀರುವಿನ ಮೇಲೆ ಹೋಯಿತು. ಮದುವೆಯ ಫೋಟೋ ಮಾತ್ರ ಹಳೆಯ ಸೀರೆಯೊಳಗೆ ಸುತ್ತಿಕೊಂಡು ಮಂಚದ ಕೆಳಗೆ ಮಲಗಿತು. ಅಲ್ಲಿಂದ ಯಶವಂತಪುರಕ್ಕೆ ಮನೆ ಬದಲಾಯಿಸಿದೆವು. ಅಲ್ಲೂ ಅದೇ ಷರತ್ತು. ಫೋಟೋ ಮತ್ತೆ ಮಂಚದ ಕೆಳಗೆ. ಬಾಡಿಗೆ ಮನೆಯಲ್ಲಿ ಬಾಳಿದ ಹೆಂಗಸರಿಗೆ ಇದು ಹೊಸ ಕಥೆಯಲ್ಲ. ನಿಮ್ಮ ಮನೆಯಲ್ಲೂ ಮಂಚದ ಕೆಳಗೆ ಇಂಥದೊಂದು ಗಂಟು ಮಲಗಿದ್ದಿರಬಹುದು.

ಆ ದಿನಗಳಲ್ಲಿ ನನಗೆ ಒಂದು ಯೋಚನೆ ಬರುತ್ತಿತ್ತು. ನಮ್ಮ ಹಿರಿಯರ ಮನೆಗಳಲ್ಲಿ ಇಷ್ಟೊಂದು ವಸ್ತುಗಳು ತೂಗಾಡುತ್ತಿದ್ದವಲ್ಲ, ಅವರು ಎಷ್ಟು ಮೊಳೆ ಹೊಡೆದಿದ್ದರು? ನೆನಪು ಮಾಡಿಕೊಂಡು ಲೆಕ್ಕ ಹಾಕಿದರೆ ಮೊಳೆಗಳು ಸಿಗುವುದೇ ಇಲ್ಲ.

ನನ್ನ ತವರು ದೊಡ್ಡಬಳ್ಳಾಪುರದ ಕಡೆಯ ಒಂದು ಹಳ್ಳಿ. ಮಣ್ಣಿನ ಗೋಡೆಯ ತೊಟ್ಟಿಮನೆ. ಆ ಗೋಡೆಗೆ ಸುಣ್ಣ ಬಳಿಯಬಹುದಿತ್ತು, ಒರಗಿ ಕೂರಬಹುದಿತ್ತು. ಮೊಳೆ ಹೊಡೆದರೆ ಮಾತ್ರ ಮಣ್ಣು ಉದುರಿ ಮೊಳೆಯೇ ಕೈಗೆ ಬರುತ್ತಿತ್ತು. ಆದ್ದರಿಂದ ಭಾರವನ್ನೆಲ್ಲ ಮೇಲಿನ ತೊಲೆ, ಜಂತೆಗಳೇ ಹೊರುತ್ತಿದ್ದವು. ಅಡುಗೆಮನೆಯಲ್ಲಿ ಹಾಲು, ಮೊಸರು, ಬೆಣ್ಣೆಯ ಗಡಿಗೆಗಳು ಒಂದರ ಮೇಲೊಂದು ಕೂತ ನೆಲುವು ಇರುತ್ತಿತ್ತು. ಕತ್ತದ ಹುರಿಯಲ್ಲಿ ಹೆಣೆದ ಆ ನೆಲುವಿಗೆ ಬೆಕ್ಕೂ ಹಾರುತ್ತಿರಲಿಲ್ಲ, ಇರುವೆಯೂ ಸುಲಭವಾಗಿ ಇಳಿಯುತ್ತಿರಲಿಲ್ಲ. ಬಾಲಕೃಷ್ಣ ಗೆಳೆಯರ ಹೆಗಲೇರಿ ಕೈ ಹಾಕಿದ್ದು ಇಂಥ ನೆಲುವಿಗೇ ಅಲ್ಲವೆ? ಒಳಮನೆಯಲ್ಲಿ ಎರಡು ಹಗ್ಗಗಳಲ್ಲಿ ತೂಗುಬಿಟ್ಟ ಬಿದಿರಿನ ಗಳ. ಅದರ ಮೇಲೆ ಅಜ್ಜಿಯ ಮಡಿಸೀರೆ. ಕೋಲಿನಿಂದ ಎತ್ತಿ ಹರವಿ, ಕೋಲಿನಿಂದಲೇ ಇಳಿಸಬೇಕು. ಹಜಾರದಲ್ಲಿ ಕಬ್ಬಿಣದ ಸರಪಳಿಯ ತೂಗುಮಂಚ. ನಡುಮನೆಯ ತೊಲೆಗೆ ತೊಟ್ಟಿಲು. ನಾನು, ನನ್ನ ತಮ್ಮ, ನಮ್ಮ ಅಪ್ಪ, ಎಲ್ಲರೂ ಅದೇ ತೊಲೆಗೆ ಜೋತು ಬೆಳೆದವರು.

ಗೋಡೆಯಲ್ಲಿ ಏನಾದರೂ ಬೇಕಿದ್ದರೆ ಅದನ್ನು ಮನೆ ಕಟ್ಟುವಾಗಲೇ ಯೋಚಿಸಬೇಕಿತ್ತು. ದೀಪಕ್ಕೆ ಗೂಡು, ಬಟ್ಟೆಗೆ ಗೂಟ. ಉಳ್ಳವರ ಮನೆಯಲ್ಲಿ ಆ ಗೂಟಕ್ಕೂ ಗಿಳಿಯ ಮೂತಿ ಕೆತ್ತಿಸುತ್ತಿದ್ದರು, ಗಿಳಿಗೂಟ ಎನ್ನುತ್ತಿದ್ದರು. ಗೂಟ ಗೋಡೆಯ ಒಳಕ್ಕೆ ಮೊಳದಷ್ಟು ಹೂತಿರುತ್ತಿತ್ತು. ಸುಮ್ಮನೆ ಎಳೆದರೆ ಬರುವಂಥದ್ದಲ್ಲ.

ಹಾಗಾದರೆ ಚಿತ್ರಗಳು? ಚಿತ್ರವನ್ನು ನೇತುಹಾಕುವ ರೂಢಿ ನಮ್ಮ ಸಾಮಾನ್ಯ ಮನೆಗಳಿಗೆ ಬಂದದ್ದೇ ಈಚೆಗೆ. ಮೊದಲು ಚಿತ್ರವನ್ನು ಗೋಡೆಯ ಮೇಲೆಯೇ ಬರೆಯುತ್ತಿದ್ದರು. ಮಲೆನಾಡಿನ ದೀವರ ಹೆಂಗಸರು ಮದುವೆಯ ಹೊತ್ತಿಗೆ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುವುದನ್ನು ನೀವು ಕೇಳಿರಬಹುದು, ನೋಡಿಯೂ ಇರಬಹುದು. ಆ ಚಿತ್ರಕ್ಕೆ ಕಟ್ಟಿಲ್ಲ, ಗಾಜಿಲ್ಲ, ದಾರವಿಲ್ಲ. ಬರೆದವಳ ಹೆಸರೂ ಇಲ್ಲ. ಮತ್ತೊಮ್ಮೆ ಗೋಡೆ ಸಾರಿಸಿದರೆ ಚಿತ್ರವೂ ಹೋಯಿತು. ಕಟ್ಟು ಹಾಕಿದ ಚಿತ್ರಗಳು ಇದ್ದದ್ದು ಅರಮನೆ, ಮಠ, ಸಿರಿವಂತರ ಮನೆಗಳಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಚಿನ್ನದ ರೇಕು ಅಂಟಿಸಿದ ಮೈಸೂರು ಶೈಲಿಯ ಚಿತ್ರಗಳಿಗೆ ಒಳ್ಳೆಯ ಆಶ್ರಯ ಸಿಕ್ಕಿತ್ತು. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆ ಮುಂದೆ ಚಿತ್ರಶಾಲೆಯಾಗಿ, ನಾವು ಶಾಲೆಯ ಪ್ರವಾಸದಲ್ಲಿ ಸಾಲಾಗಿ ಕೈಕಟ್ಟಿಕೊಂಡು ನೋಡಿ ಬಂದದ್ದೂ ಆಯಿತು.

ಬಡವರ ಗೋಡೆಗೂ ಪಟ ಬಂದದ್ದು ಕಲ್ಲಚ್ಚಿನಿಂದ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಬಣ್ಣದ ಮುದ್ರಣಾಲಯ ತೆರೆದರು. ವ್ಯವಹಾರದಲ್ಲಿ ಅವರಿಗೆ ಲಾಭವಾಗಲಿಲ್ಲ, ಮುದ್ರಣಾಲಯವನ್ನು ಕೆಲವೇ ವರ್ಷಗಳಲ್ಲಿ ಜರ್ಮನಿಯ ತಂತ್ರಜ್ಞನೊಬ್ಬನಿಗೆ ಮಾರಬೇಕಾಯಿತು. ಆದರೆ ಕಮಲದ ಮೇಲೆ ನಿಂತ ಲಕ್ಷ್ಮಿ, ವೀಣೆ ಹಿಡಿದ ಸರಸ್ವತಿ ಮಾತ್ರ ಊರೂರಿಗೆ ಬಂದರು. ಅವರ ಹಿಂದೆಯೇ ಹೊಸ ವರ್ಷದ ಕ್ಯಾಲೆಂಡರುಗಳು ಬಂದವು, ಬಟ್ಟೆ ಅಂಗಡಿಯವರು, ಒಡವೆ ಅಂಗಡಿಯವರು ಪುಕ್ಕಟೆಯಾಗಿ ಕೊಟ್ಟವು. ಡಿಸೆಂಬರ್ ಕಳೆದ ಮೇಲೆ ತಾರೀಖಿನ ಭಾಗ ಕತ್ತರಿಸಿ ದೇವರಿಗೆ ಕಟ್ಟು ಹಾಕಿಸದ ಮನೆಯೇ ಇರಲಿಲ್ಲ. ಫೋಟೋ ಸ್ಟುಡಿಯೋಗಳು ಬಂದವು. ಪಟದ ಮುಂದೆ ಗಾಜು ಬಂತು, ಹಿಂದೆ ಹಲಗೆ ಬಂತು, ತೂಕ ಬಂತು. ತೂಕ ಬಂದ ಮೇಲೆ ದಾರದ ಮಾತು ಬಂತು.

ಹಳೆಯ ಮನೆಗಳಲ್ಲಿ ಪಟಗಳು ಗೋಡೆಗೆ ಅಂಟಿಕೊಂಡಿರುತ್ತಿರಲಿಲ್ಲ. ಬಾಗಿಲಿಗಿಂತ ಎತ್ತರದಲ್ಲಿ, ತಲೆ ಮುಂದಕ್ಕೆ ಬಾಗಿಸಿಕೊಂಡು ನಮ್ಮನ್ನೇ ನೋಡುತ್ತಿರುತ್ತಿದ್ದವು. ಸೂರಿನ ಅಡ್ಡಪಟ್ಟಿಗೋ ಗೋಡೆಯ ಮೇಲಿನ ಗೂಟಕ್ಕೋ ಉದ್ದನೆಯ ಹುರಿ ಕಟ್ಟಿ ಇಳಿಬಿಡುತ್ತಿದ್ದರು. ಹುರಿಯ ಬಳೆಗಳು ಕಟ್ಟಿನ ತುದಿಯಲ್ಲಿರದೆ ಸ್ವಲ್ಪ ಕೆಳಗಿದ್ದುದರಿಂದ ಪಟದ ತಲೆ ತಾನಾಗಿ ಮುಂದೆ ಬಾಗುತ್ತಿತ್ತು. ಅದಕ್ಕೆ ಕಾರಣವೂ ಇತ್ತು. ನಾವು ನೆಲದ ಮೇಲೆ ಕೂರುವ ಜನ. ಕೂತವರ ಕಣ್ಣಿಗೆ ದೇವರ ಮುಖ ನೇರವಾಗಿ ಸಿಗಬೇಕು. ತೊಟ್ಟಿಯ ಬೆಳಕು ಗಾಜಿನ ಮೇಲೆ ಬಿದ್ದು ಕಣ್ಣಿಗೆ ಹೊಡೆಯಬಾರದು. ಇದು ನಮ್ಮದೇ ವಿಶೇಷವೂ ಅಲ್ಲ. 18ನೇ ಶತಮಾನದಲ್ಲಿ ಪ್ಯಾರಿಸ್ಸಿನ ಲೂವ್ರ್ ಅರಮನೆಯ ಪ್ರದರ್ಶನಗಳಲ್ಲಿ ಚಿತ್ರಗಳನ್ನು ಸೂರಿನವರೆಗೆ ಒತ್ತೊತ್ತಾಗಿ ತೂಗುಹಾಕಿ, ಮೇಲಿನವನ್ನು ಹೀಗೆಯೇ ಮುಂದಕ್ಕೆ ಬಾಗಿಸುತ್ತಿದ್ದರಂತೆ. ಅಲ್ಲಿನವರು ಕತ್ತೆತ್ತಿ ನೋಡಲು, ನಾವು ಕೂತು ಕೈಮುಗಿಯಲು. ನಮ್ಮಲ್ಲಿ ಒಂದು ಹೆಚ್ಚಿನ ಲಾಭವಿತ್ತು. ಪಟದ ಹಿಂದಿನ ಆ ಸಂದಿಯಲ್ಲಿ ವರ್ಷವರ್ಷವೂ ಗುಬ್ಬಚ್ಚಿ ಗೂಡು ಕಟ್ಟುತ್ತಿತ್ತು.

ನಮ್ಮ ನಡುಮನೆಯ ಗೋಡೆಯಲ್ಲಿ ಆರು ದೇವರು, ಐದು ಜನ ಗಂಡಸರು ಇದ್ದರು. ಲಕ್ಷ್ಮಿ ಸರಸ್ವತಿಯರನ್ನು ಬಿಟ್ಟರೆ ಒಬ್ಬ ಹೆಂಗಸಿನ ಮುಖವಿರಲಿಲ್ಲ. ಅಮ್ಮ ಶಾಲೆಯಲ್ಲಿದ್ದಾಗ ದಸೂತಿ ಬಟ್ಟೆಯ ಮೇಲೆ ಎರಡು ಹಸಿರು ಗಿಳಿಗಳನ್ನು ಹೊಲಿದಿದ್ದಳು. ಮದುವೆಯಲ್ಲಿ ಅದನ್ನು ಟ್ರಂಕಿನಲ್ಲಿಟ್ಟುಕೊಂಡು ಬಂದಿದ್ದಳು. ಅದು ಟ್ರಂಕಿನಲ್ಲೇ ಉಳಿಯಿತು. ಆ ಗೋಡೆ ಹಿರಿಯರದು, ದೇವರದು.

ಈಗ ಆ ಗೋಡೆಯ ಇನ್ನೊಂದು ಕಥೆ ಹೇಳಬೇಕು. ನಾನು ಹುಟ್ಟುವ ಮೊದಲಿನದು.

ಅಮ್ಮನ ಮದುವೆಯಾದದ್ದು 1961ರಲ್ಲಿ. ಅವಳಿಗೆ ಆಗ ಹದಿನೆಂಟು. ಮದುವೆಗೆಂದು ಮನೆಗೆಲ್ಲ ಸುಣ್ಣ ಹೊಡೆಸಿದಾಗ ಪಟಗಳನ್ನೆಲ್ಲ ಇಳಿಸಿ ಒರೆಸಿ ಮತ್ತೆ ತೂಗುಹಾಕಿದರು. ಐದು ಗಂಡಸರಲ್ಲಿ ದೊಡ್ಡದು ತಾತನ ಫೋಟೋ. ಪೇಟ, ಕೋಟು, ಕೈಯಲ್ಲಿ ಬೆತ್ತ. ಹೊಸ ಮದುವಣಗಿತ್ತಿ ಮನೆ ತುಂಬಿದ ಮೂರನೆಯ ತಿಂಗಳು, ಒಂದು ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ, ಅಮ್ಮ ನಡುಮನೆ ದಾಟುತ್ತಿದ್ದಾಗಲೇ ಆ ಫೋಟೋ ಢಣ್ ಎಂದು ಕೆಳಗೆ ಬಿತ್ತು. ಗಾಜು ಚೂರುಚೂರಾಯಿತು. ತಾತ ತೀರಿಕೊಂಡು ಆಗಲೇ ಎಷ್ಟೋ ವರ್ಷವಾಗಿತ್ತು, ಅವರಿಗೇನೂ ಆಗುವಂತಿರಲಿಲ್ಲ. ಆದರೆ ಹಿರಿಯರ ಪಟ ಬೀಳುವುದೆಂದರೆ ಸಾಮಾನ್ಯವೆ? ಅಜ್ಜಿ ಒಂದೇ ಮಾತು ಹೇಳಿದರು. "ಕಾಲ್ಗುಣ."

ಆ ಒಂದು ಮಾತು ನಮ್ಮ ಮನೆಯಲ್ಲಿ ಎಷ್ಟು ವರ್ಷ ಉಳಿಯಿತೋ! ಎತ್ತು ಸತ್ತರೆ ಆ ಫೋಟೋ ಬಿದ್ದ ವರ್ಷದ ಮಾತು ಬರುತ್ತಿತ್ತು. ಮಳೆ ಕೈಕೊಟ್ಟರೆ ಬರುತ್ತಿತ್ತು. ಅಜ್ಜಿ ಕೆಟ್ಟವರಲ್ಲ. ಅಮ್ಮನ ಬಾಣಂತನಗಳನ್ನೆಲ್ಲ ತಾವೇ ನಿಂತು ಮಾಡಿದವರು. ಆದರೂ ಕೋಪ ಬಂದಾಗ ಕೈಗೆ ಸಿಗುವ ಮಾತು ಅದೇ ಆಗಿತ್ತು. ಅಮ್ಮ ತಿರುಗಿ ಆಡುತ್ತಿರಲಿಲ್ಲ. ಹಬ್ಬಕ್ಕೆ ಮನೆ ಒರೆಸುವಾಗ ಎಲ್ಲ ಪಟಗಳನ್ನೂ ಇಳಿಸುತ್ತಿದ್ದಳು, ತಾತನದನ್ನು ಮಾತ್ರ ಮುಟ್ಟುತ್ತಿರಲಿಲ್ಲ. "ಅದನ್ನ ನೀನು ಇಳಿಸೆ" ಎಂದು ನನ್ನನ್ನು ಕರೆಯುತ್ತಿದ್ದಳು. ನಾನು ಅದನ್ನು ಅತ್ತೆಯ ಮನೆಯ ಮರ್ಯಾದೆ ಎಂದುಕೊಂಡಿದ್ದೆ. ಹೆದರಿಕೆ ಎಂದು ತಿಳಿಯಲು ನನಗೂ ಮದುವೆಯಾಗಬೇಕಾಯಿತು.

ಬೆಂಗಳೂರಿಗೆ ಬರೋಣ. ಈ ಊರಿನ ಗೋಡೆಗಳದೇ ಒಂದು ಚರಿತ್ರೆ. 1898ರಲ್ಲಿ ಪ್ಲೇಗು ಬಂದು ಪೇಟೆಯ ಜನ ಗಾಳಿಬೆಳಕು ಹುಡುಕಿಕೊಂಡು ಹೊರಟಾಗ ಮಲ್ಲೇಶ್ವರ, ಬಸವನಗುಡಿಗಳು ತುಂಬಿಕೊಂಡವು. ಅಲ್ಲಿನ ಮನೆಗಳದು ಇಟ್ಟಿಗೆ ಗಾರೆಯ ದಪ್ಪ ಗೋಡೆ, ತೇಗದ ತೊಲೆಯ ಮೇಲೆ ಮದ್ರಾಸ್ ತಾರಸಿ. ಗಾರೆಗೆ ಮೊಳೆ ಇಳಿಯುತ್ತಿತ್ತು, ಅಥವಾ ಬಡಗಿ ಒಂದು ಮರದ ಬೆಣೆ ಕೂರಿಸಿ ಅದರೊಳಗೆ ಮೊಳೆ ಹೊಡೆಯುತ್ತಿದ್ದ. ತೊಲೆಯಿದ್ದುದರಿಂದ ತೊಟ್ಟಿಲಿಗೂ ತಾವಿತ್ತು. ಅದೇ ಕಾಲದ ಇಂಗ್ಲೆಂಡಿನಲ್ಲಿ, ವಿಕ್ಟೋರಿಯಾ ರಾಣಿಯ ದಿನಗಳಲ್ಲಿ, ಇನ್ನೊಂದು ಉಪಾಯ ಬಳಕೆಯಲ್ಲಿತ್ತು. ಅಲ್ಲಿನ ಗೋಡೆಯ ಗಿಲಾವು ಮೊಳೆ ಹೊಡೆದರೆ ಬಿರಿಯುತ್ತಿತ್ತು, ಮೇಲೆ ಬೆಲೆಬಾಳುವ ಬಣ್ಣದ ಕಾಗದ ಬೇರೆ. ಹಾಗಾಗಿ ಗೋಡೆಯ ಮೇಲ್ಭಾಗದಲ್ಲಿ ಕೋಣೆಯ ಸುತ್ತ ಒಂದು ಮರದ ಪಟ್ಟಿ ಬಡಿದು, ಅದಕ್ಕೆ ಹಿತ್ತಾಳೆಯ ಕೊಕ್ಕೆ ಸಿಕ್ಕಿಸಿ, ಅಲ್ಲಿಂದ ತಂತಿಯಲ್ಲಿ ಚಿತ್ರಗಳನ್ನು ಇಳಿಬಿಡುತ್ತಿದ್ದರು. ಕೊಕ್ಕೆ ಸರಿಸಿದರೆ ಚಿತ್ರ ಸರಿಯಿತು, ಗೋಡೆಗೆ ಗಾಯವಿಲ್ಲ. ಇದನ್ನು ಓದಿದಾಗ ನನಗೆ ನಮ್ಮ ನೆಲುವೇ ನೆನಪಾಯಿತು. ಭಾರ ಮೇಲಿನದಕ್ಕೆ, ನೋಟ ಕೆಳಗಿನದಕ್ಕೆ.

ಆಮೇಲೆ ಸಿಮೆಂಟಿನ ಕಾಲ. ತೊಲೆ ಹೋಗಿ ಆರ್.ಸಿ.ಸಿ. ಬಂತು. ಸೂರು ತಗ್ಗಿತು. ಮನೆ ಕಟ್ಟುವಾಗಲೇ ಒಂದು ಕೊಕ್ಕೆ ಬಿಡಿಸಿಕೊಂಡವರಿಗೆ ಫ್ಯಾನು ಸಿಕ್ಕಿತು. ತೊಟ್ಟಿಲಿಗೆ ಸ್ಟ್ಯಾಂಡು ಬಂತು. ಬಾಡಿಗೆಗೆಂದೇ ಕಟ್ಟಿದ ಮನೆಗಳಲ್ಲಿ ಗೋಡೆ ಓನರದು, ಅದರ ಮುಂದಿನ ಗಾಳಿ ಮಾತ್ರ ನಮ್ಮದು.

ಆರ್.ಟಿ. ನಗರವೆಂದರೆ ರವೀಂದ್ರನಾಥ ಟಾಗೋರ್ ನಗರ. ಕವಿಯೂ ಚಿತ್ರಕಾರರೂ ಆಗಿದ್ದ ಒಬ್ಬರ ಹೆಸರಿನ ಬಡಾವಣೆಯಲ್ಲಿ ನಾನು ಒಂದು ಚಿತ್ರ ತೂಗುಹಾಕಲಾರದೆ ಆರು ವರ್ಷ ಕಳೆದೆ. ಬೇಜಾರಾದಾಗ ಒಮ್ಮೆ ಬಸ್ಸು ಹತ್ತಿ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಹೋದೆ. ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರು. ಅವನೀಂದ್ರನಾಥರು ಸಂಬಂಧದಲ್ಲಿ ರವೀಂದ್ರರಿಗೆ ಮಗನಾಗಬೇಕು. ವೆಂಕಟಪ್ಪನವರು ಬರೆದ ಊಟಿಯ ಮಂಜಿನ ಚಿತ್ರಗಳ ಮುಂದೆ ಬಹಳ ಹೊತ್ತು ನಿಂತಿದ್ದೆ. ಹೊರಗೆ ಬರುವಾಗ ತಲೆಯಲ್ಲಿ ಇದ್ದದ್ದು ಮಾತ್ರ ಹೆಂಗಸಿನ ಬುದ್ಧಿಯ ಪ್ರಶ್ನೆ. ಇವನ್ನೆಲ್ಲ ಒಂದೇ ಎತ್ತರಕ್ಕೆ, ಒಂದೂ ಸೊಟ್ಟಗಾಗದಂತೆ ಹೇಗೆ ನಿಲ್ಲಿಸುತ್ತಾರೆ? ನನ್ನ ಮನೆಯ ಕ್ಯಾಲೆಂಡರು ಫ್ಯಾನಿನ ಗಾಳಿಗೇ ಕುಣಿಯುತ್ತದಲ್ಲ!

ಕೊನೆಗೆ ನಮಗೂ ಒಂದು ಸ್ವಂತ ಗೂಡಾಯಿತು. ಕೆಂಪೇಗೌಡರ ವಂಶದವರು ಆಳಿದ ಯಲಹಂಕ ನಾಡಿನಲ್ಲಿ, ಹಳೆಯ ಊರಿನಿಂದ ಸ್ವಲ್ಪ ದೂರದಲ್ಲಿ, ಗೃಹ ಮಂಡಳಿಯ ಉಪನಗರದ ಆಚೆಗೆ ಒಂದು ಫ್ಲ್ಯಾಟು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಹೆಬ್ಬಾಳದಿಂದ ಈಚೆಗೆ ದ್ರಾಕ್ಷಿ ತೋಟಗಳಿದ್ದ ಕಡೆಯೆಲ್ಲ ಇಂಥ ಕಟ್ಟಡಗಳೆದ್ದಿವೆ. 2018ರಲ್ಲಿ ಅಪ್ಪ ತೀರಿಕೊಂಡರು. ಹಳ್ಳಿಯ ಮನೆ ಸೋರುತ್ತಿತ್ತು. ಮರುವರ್ಷ ಅಮ್ಮ ನಮ್ಮಲ್ಲಿಗೆ ಬಂದಳು. ಎರಡು ಬ್ಯಾಗು ಬಟ್ಟೆ, ಒಂದು ಗೋಣಿಚೀಲದ ತುಂಬ ಪಟಗಳು, ಹಳೆಯ ಆ ಟ್ರಂಕು.

ನನ್ನವರು ಸಡಗರದಿಂದ ಸುತ್ತಿಗೆ ತಂದರು. ಮೊದಲ ಮೊಳೆ ಬಾಗಿತು. ಎರಡನೆಯದು ಹಾರಿ ಸೋಫಾದ ಕೆಳಗೆ ಹೋಯಿತು. ಮೂರನೆಯದು ಹೆಬ್ಬೆರಳನ್ನು ಹುಡುಕಿಕೊಂಡಿತು. ಇಟ್ಟಿಗೆಯ ಗೋಡೆಯಲ್ಲ, ಕಾಂಕ್ರೀಟನ್ನೇ ಅಚ್ಚಿಗೆ ಸುರಿದು ನಿಲ್ಲಿಸಿದ ಗೋಡೆ. ಆಗ ಓನರು ಬೇಡ ಅಂದಿದ್ದರು, ಈಗ ಗೋಡೆಯೇ ಬೇಡ ಅಂದಿತು. ಡ್ರಿಲ್ಲಿನವನನ್ನು ಕರೆಸಬಹುದಿತ್ತು. ಆದರೆ ಹನ್ನೊಂದು ಪಟಕ್ಕೆ ಹನ್ನೊಂದು ತೂತು. ನಾಳೆ ಜಾಗ ಬದಲಾಯಿಸಬೇಕೆನಿಸಿದರೆ ಮತ್ತೆ ಹನ್ನೊಂದು. ಪಟಗಳು ಗೋಣಿಚೀಲದಲ್ಲೇ ಉಳಿದವು. ಅಮ್ಮ ದಿನವೂ ಬೆಳಿಗ್ಗೆ ದೀಪ ಹಚ್ಚಿ, ಬರಿಯ ಗೋಡೆಯ ಕಡೆ ಒಮ್ಮೆ ನೋಡಿ, ಸುಮ್ಮನೆ ಕೂರುತ್ತಿದ್ದಳು.

"ಗ್ಯಾಲರಿಯಲ್ಲಿ ಹಾಕ್ತಾರಲ್ಲ, ಆ ತಂತಿ ಹಾಕಿಸೋಣಮ್ಮ" ಎಂದವಳು ಮಗಳು. ಮುಂದಿನ ವಾರ ಒಬ್ಬ ಹುಡುಗ ಏಣಿ, ಡ್ರಿಲ್ಲು ಹೊತ್ತುಕೊಂಡು ಬಂದ. ಸೂರಿನಿಂದ ಎರಡು ಬೆರಳು ಕೆಳಗೆ ಗೋಡೆಯ ಉದ್ದಕ್ಕೂ ತೆಳ್ಳನೆಯ ಅಲ್ಯೂಮಿನಿಯಮ್ ಪಟ್ಟಿ ಕೂರಿಸಿದ. ಒಂದೂವರೆ ಅಡಿಗೊಂದು ತೂತು, ತೂತಿಗೊಂದು ಪ್ಲಾಸ್ಟಿಕ್ ಬೆಣೆ, ಅದಕ್ಕೊಂದು ಸ್ಕ್ರೂ. "ಪರದೆ ಕಟ್ತೀಯೇನಪ್ಪಾ?" ಎಂದು ಅಮ್ಮ ಕೇಳಿದಳು. "ಇಲ್ಲ ಅಜ್ಜಿ, ನಿಮ್ಮ ಫೋಟೋಗಳನ್ನ ತೂಗುಬಿಡೋಕೆ" ಎಂದ.

ಆ ಪಟ್ಟಿಯ ಗಾಡಿಯೊಳಗೆ ಜಾರುವ ಕೊಕ್ಕೆಗಳಿವೆ. ಒಂದೊಂದು ಕೊಕ್ಕೆಯಿಂದ ಒಂದು ಸಣ್ಣ ಉಕ್ಕಿನ ತಂತಿ ಇಳಿಯುತ್ತದೆ. ತಂತಿಯ ಮೇಲೆ ಒಂದು ಪುಟ್ಟ ಹಿಡಿಕೆ. ಅದರೊಳಗಿನ ಸ್ಪ್ರಿಂಗು ತಂತಿಯನ್ನು ಕಚ್ಚಿಕೊಂಡಿರುತ್ತದೆ. ತಲೆಯನ್ನು ಒತ್ತಿದರೆ ಬಿಡುತ್ತದೆ, ಬಿಟ್ಟರೆ ಹಿಡಿಯುತ್ತದೆ. ಪಟವನ್ನು ಬೇಕಾದ ಎತ್ತರಕ್ಕೆ ಏರಿಸಬಹುದು, ಇಳಿಸಬಹುದು. ಅಗಲವಾದ ಪಟಕ್ಕೆ ಎರಡು ತಂತಿ ಕೊಟ್ಟರೆ ಸೊಟ್ಟಗಾಗುವ ಮಾತೇ ಇಲ್ಲ. ಗ್ಯಾಲರಿಯಲ್ಲಿ ನನ್ನನ್ನು ಕಾಡಿದ್ದ ಪ್ರಶ್ನೆಗೆ ಒಂದು ಉತ್ತರ ಇಪ್ಪತ್ತೈದು ವರ್ಷದ ಮೇಲೆ ಸಿಕ್ಕಿತು.

ತಂತಿ ಅಷ್ಟು ತೆಳ್ಳಗಿದೆಯಲ್ಲ, ತಡೆದೀತೇ ಎಂದು ಅನುಮಾನಪಟ್ಟೆ. ಅದು ಒಂಟಿ ತಂತಿಯಲ್ಲ, ಹಲವು ಎಳೆಗಳನ್ನು ಹುರಿಗೊಳಿಸಿದ್ದು. ಕಬ್ಬಿಣದ ಎಳೆಗಳನ್ನು ಹಗ್ಗದಂತೆ ಹೊಸೆಯುವ ಈ ಉಪಾಯ ಮೊದಲು ಕೆಲಸಕ್ಕೆ ಬಂದದ್ದು 1834ರಲ್ಲಿ, ಜರ್ಮನಿಯ ಗಣಿಗಳಲ್ಲಿ. ಆಲ್ಬರ್ಟ್ ಎಂಬ ಗಣಿ ಅಧಿಕಾರಿ ಮಾಡಿಸಿದ್ದು. ಸರಪಳಿಯಲ್ಲಿ ಒಂದು ಕೊಂಡಿ ತುಂಡಾದರೆ ಎಲ್ಲ ಹೋಯಿತು; ಹೊಸೆದ ತಂತಿಯಲ್ಲಿ ಒಂದೆಳೆ ಕಡಿದರೂ ಉಳಿದವು ಹಿಡಿದುಕೊಳ್ಳುತ್ತವೆ. ನಮ್ಮ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚುವವರೆಗೂ ಅಲ್ಲಿನ ಕಾರ್ಮಿಕರು ಇಂಥದೇ ಹಗ್ಗಗಳ, ಕೈಮುಷ್ಟಿ ದಪ್ಪದವುಗಳ, ನಂಬಿಕೆಯ ಮೇಲೆ ಭೂಮಿಯೊಳಕ್ಕೆ ಇಳಿದರು. ಅಲ್ಲಿನ ಸುರಂಗಗಳು 3 ಕಿಲೋಮೀಟರಿಗೂ ಮೀರಿದ ಆಳ. ತಾತನ ಫೋಟೋ ಯಾವ ಲೆಕ್ಕ?

ಹುಡುಗ ಒಂದೊಂದೇ ಪಟ ತೂಗುಹಾಕುತ್ತ ತಾತನದಕ್ಕೆ ಬಂದ. ತಿರುಗಿಸಿ ನೋಡಿದ. ಹಿಂದೆ ಎರಡು ಬಳೆಗಳ ನಡುವೆ ತಂತಿಯನ್ನು ವೀಣೆಯ ತಂತಿಯಷ್ಟು ಬಿಗಿಯಾಗಿ ಕಟ್ಟಿತ್ತು. ಅದು ಬಿದ್ದ ಮೇಲೆ ಮತ್ತೆ ಕಟ್ಟಿದ್ದು, ಇನ್ನಷ್ಟು ಬಿಗಿಯಾಗಿ, ಇನ್ನಷ್ಟು ದಪ್ಪ ತಂತಿಯಲ್ಲಿ. "ಯಾರು ಅಜ್ಜಿ ಇಷ್ಟು ಬಿಗಿ ಕಟ್ಟಿರೋದು? ಹೀಗೆ ಕಟ್ಟಿದರೆ ಬಿದ್ದುಹೋಗುತ್ತೆ" ಎಂದ.

ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಳು. "ಬಿಗಿಯಾಗಿ ಕಟ್ಟಿದರೆ ಯಾಕಪ್ಪಾ ಬೀಳುತ್ತೆ? ಸಡಿಲ ಇದ್ದರಲ್ಲವೆ ಬೀಳೋದು?"

ಹುಡುಗ ಪಾಠ ಮಾಡಿದ. ಅದನ್ನು ನಾನು ಆಮೇಲೆ ನನ್ನ ಮಾತಿನಲ್ಲಿ ಬರೆದಿಟ್ಟುಕೊಂಡೆ. ಪಟದ ತೂಕ 4 ಕಿಲೋ ಎನ್ನಿ. ದಾರವನ್ನು ಉದ್ದ ಬಿಟ್ಟು, ಅದು ಗೋಪುರದಂತೆ ಕಡಿದಾಗಿ ಏರಿ ಮೊಳೆಗೆ ಸೇರಿದರೆ ಒಂದೊಂದು ಬದಿಯ ದಾರದ ಮೇಲೆ 2 ಕಿಲೋಗಿಂತ ಸ್ವಲ್ಪ ಹೆಚ್ಚು ಎಳೆತ. ದಾರ 30 ಡಿಗ್ರಿಯಷ್ಟೇ ಓರೆಯಾಗಿದ್ದರೆ ಒಂದೊಂದು ಬದಿಗೂ ಪೂರ್ತಿ 4 ಕಿಲೋ. ಇನ್ನೂ ಬಿಗಿದು 10 ಡಿಗ್ರಿಗೆ ತಂದರೆ ಎಳೆತ 11 ಕಿಲೋ ದಾಟುತ್ತದೆ. ಪಟ ಅದೇ, ತೂಕ ಅದೇ, ಬಿಗಿದಷ್ಟೂ ದಾರಕ್ಕೆ ಪ್ರಾಣಸಂಕಟ. ನಂಬಿಕೆಯಿಲ್ಲದಿದ್ದರೆ ಮನೆಯಲ್ಲೇ ಮಾಡಿ ನೋಡಿ. ಒಂದು ಹಗ್ಗದ ನಡುವೆ ಒಂದು ಕಿಲೋ ಅಕ್ಕಿಯ ಚೀಲ ತೂಗುಹಾಕಿ, ಎರಡು ತುದಿ ಇಬ್ಬರು ಹಿಡಿದು ಹಗ್ಗವನ್ನು ಪೂರ್ತಿ ನೇರ ಮಾಡಲು ಎಳೆಯಿರಿ. ಎಷ್ಟೇ ಗಟ್ಟಿಗರಾದರೂ ಆಗುವುದಿಲ್ಲ.

ಆದರೆ ಅಮ್ಮನಿಗೆ ಅಕ್ಕಿಯ ಚೀಲ ಬೇಕಾಗಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. "ಒದ್ದೆ ಸೀರೆ ಹರವೋ ಹಗ್ಗನ ಬಿಗಿ ಕಟ್ಟಬಾರದು, ಕಿತ್ತುಕೊಂಡು ಬರುತ್ತೆ, ಸ್ವಲ್ಪ ಜೋಲು ಬಿಡಬೇಕು. ಅದು ನನಗೆ ಗೊತ್ತಿತ್ತಲ್ಲೇ. ಫೋಟೋಗೂ ಅದೇ ಅಂತ ಯಾರೂ ಹೇಳಲಿಲ್ಲ."

ಮತ್ತೆ ನೆನಪಿಸಿಕೊಂಡು ಹೇಳಿದಳು. ಮದುವೆಗೆ ಸುಣ್ಣ ಹೊಡೆಸಿದಾಗ ತಾತನ ಫೋಟೋವನ್ನು ಮತ್ತೆ ಕಟ್ಟಿದ್ದು ಚಿಕ್ಕಪ್ಪನಂತೆ. ಪಟ್ಟಣದಲ್ಲಿ ಓದುತ್ತಿದ್ದವರು. ಹಳೆಯ ಉದ್ದನೆಯ ಹುರಿ ಬಿಚ್ಚಿಹಾಕಿ, ಪಟ ಬಾಗಿಕೊಂಡಿರುವುದು ಹಳ್ಳಿಗಮಾರರ ರೀತಿಯೆಂದು, ಮೊಳೆ ಕಾಣದ ಹಾಗೆ, ಗೋಡೆಗೆ ಅಂಟಿಕೊಂಡ ಹಾಗೆ, ಸಣ್ಣ ತಂತಿಯಲ್ಲಿ ಬಿಗಿಯಾಗಿ ಕಟ್ಟಿದ್ದರಂತೆ. ಬೀಗರು ನೋಡಿ ಮೆಚ್ಚಿಕೊಂಡಿದ್ದರಂತೆ. "ಅತ್ತೆಮ್ಮನಿಗೂ ಇದು ಗೊತ್ತಿರಲಿಲ್ಲ ಬಿಡು" ಎಂದಳು ಅಮ್ಮ. ಅಜ್ಜಿ ಹೋಗಿ ಮೂವತ್ತು ವರ್ಷವಾಗಿದೆ. ಚಿಕ್ಕಪ್ಪನೂ ಇಲ್ಲ. ಐವತ್ತೆಂಟು ವರ್ಷ ಹೊತ್ತ ಒಂದು ಮಾತನ್ನು ಕೆಳಗಿಳಿಸುವಾಗ ಅಮ್ಮ ಯಾರ ಮೇಲೂ ಅದನ್ನು ಎತ್ತಿಹಾಕಲಿಲ್ಲ. ನನಗೆ ಅಷ್ಟು ಸುಲಭವಾಗಲಿಲ್ಲ. ಹದಿನೆಂಟರ ಹುಡುಗಿಯ ಕಾಲಿಗೆ ಕಟ್ಟಿದ್ದನ್ನು ಒಂದು ಗಜ ದಾರ ಬಿಡಿಸಬಹುದಿತ್ತಲ್ಲ ಎಂದು ಅಂದು ರಾತ್ರಿಯಿಡೀ ಯೋಚಿಸಿದೆ. ನಮ್ಮ ಮನೆಗಳಲ್ಲಿ ಇನ್ನೂ ಎಷ್ಟು ಹಾಲು ಒಡೆದದ್ದು, ಎಷ್ಟು ದೀಪ ಆರಿದ್ದು, ಎಷ್ಟು ಗಾಜು ಬಿದ್ದದ್ದು ಯಾರ ಯಾರ ಲೆಕ್ಕದಲ್ಲಿ ಬರೆದಿಟ್ಟಿದೆಯೋ!

ಹುಡುಗ ತಾತನ ಪಟದ ಬಿಗಿತಂತಿ ಕತ್ತರಿಸಿ, ಎರಡು ಬಳೆಗೂ ಒಂದೊಂದು ಹೊಸ ತಂತಿ ಸಿಕ್ಕಿಸಿದ. ನೇರವಾಗಿ ಇಳಿದ ಎರಡು ತಂತಿಗೆ ಅರ್ಧರ್ಧ ಭಾರ, ಅಷ್ಟೇ. ನೀವೂ ಹಾಕಿಸುವುದಾದರೆ ಅವನು ಹೇಳಿಹೋದ ಒಂದೆರಡು ಮಾತು ನೆನಪಿಡಿ. ಹಳೆಯ ಕಟ್ಟುಗಳ ಬಳೆಯೂ ಹಲಗೆಯೂ ಹುಳ ತಿಂದಿರಬಹುದು, ತಂತಿ ಗಟ್ಟಿಯಿದ್ದರೆ ಸಾಲದು, ಮೊದಲು ಕಟ್ಟು ನೋಡಿಕೊಳ್ಳಿ. ಅಂಗಡಿಯವರು ಹೇಳುವ ಭಾರದ ಅರ್ಧಕ್ಕೆ ನಿಲ್ಲಿಸಿ. ಮಂಚದ, ತೊಟ್ಟಿಲ ಮೇಲ್ಗಡೆ ಗಾಜಿನ ಪಟ ಬೇಡ. ಬಾಡಿಗೆ ಮನೆಯಾದರೆ ಪಟ್ಟಿ ಕೂರಿಸುವ ಮುನ್ನ ಓನರನ್ನು ಕೇಳಿ. ಹತ್ತಿಪ್ಪತ್ತು ಮೊಳೆಗೆ ಬದಲು ಸೂರಿನಡಿ ಒಂದು ಸಾಲು ಎಂದು ತಿಳಿಸಿ ಹೇಳಿದರೆ ಒಪ್ಪುವವರೂ ಇದ್ದಾರೆ.

"ಎತ್ತರ ಸಾಕಾ ಅಜ್ಜಿ?" ಎಂದು ಹುಡುಗ ಕೇಳಿದ. ಅಮ್ಮ ಎದ್ದು ಬಂದಳು. ಹಿಡಿಕೆಯ ತಲೆ ಒತ್ತುವುದನ್ನು ಅವನಿಂದ ಕಲಿತು, ತಾನೇ ಎರಡು ಕೈಯಿಂದ ತಾತನ ಫೋಟೋವನ್ನು ಸ್ವಲ್ಪ ಮೇಲಕ್ಕೆ ಸರಿಸಿದಳು. ಅವಳು ಅದನ್ನು ಮುಟ್ಟಿದ್ದು ನಾನು ನೋಡಿದ್ದು ಅದೇ ಮೊದಲು. "ಸ್ವಲ್ಪ ಮುಂದಕ್ಕೆ ಬಾಗಿದ ಹಾಗೆ ಇರಲಪ್ಪಾ, ಮೊದಲು ಹಾಗೇ ಇದ್ದಿದ್ದು" ಎಂದಳು. ಹುಡುಗ ಬಳೆಗಳನ್ನು ನಾಲ್ಕು ಬೆರಳು ಕೆಳಗಿಳಿಸಿದ.

ಎಲ್ಲ ಮುಗಿದ ಮೇಲೆ ಎರಡು ತಂತಿ ಉಳಿದಿದ್ದವು. ಅಮ್ಮ ಒಳಗೆ ಹೋಗಿ ಟ್ರಂಕು ತೆರೆದಳು. ಹಸಿರು ಮಾಸಿದ ಆ ಎರಡು ಗಿಳಿಗಳಿಗೆ ಮರುದಿನ ಯಲಹಂಕದ ಹಳೆಪೇಟೆಯಲ್ಲಿ ಕಟ್ಟು ಹಾಕಿಸಿಕೊಂಡು ಬಂದೆವು. ಮಂಚದ ಕೆಳಗಿದ್ದ ನಮ್ಮ ಮದುವೆಯ ಫೋಟೋವನ್ನೂ ಹೊರತೆಗೆದು ಒರೆಸಿದೆ. ಈಗ ಅಮ್ಮನಿಗೆ ಎಂಬತ್ತು ದಾಟಿದೆ. ಗೌರಿ ಹಬ್ಬ ಬಂದರೆ ಗಿಳಿಗಳನ್ನು ನಡುವಿಗೆ ಜಾರಿಸುತ್ತಾಳೆ, ಪಿತೃಪಕ್ಷಕ್ಕೆ ತಾತನನ್ನು. ಹಬ್ಬಕ್ಕೆ ಪಟ ಒರೆಸುವಾಗ ಈಗ ನನ್ನನ್ನು ಕರೆಯುವುದಿಲ್ಲ.